ತೂಕ ಇಳಿಸುವ ಶಸ್ತ್ರಚಿಕಿತ್ಸೆ ಯಾರಿಗೆ ಸೂಕ್ತ? ನಿರ್ಧರಿಸುವ ಮೊದಲು ಹಂತ ಹಂತವಾಗಿ ನೋಡಬೇಕಾದದ್ದು

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ನಮ್ಮ ಕರಾವಳಿಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಹೊಟ್ಟೆ ಸಣ್ಣದು ಮಾಡಿಸಿಕೊಂಡರೆ ಉಳಿದದ್ದೆಲ್ಲ ತಾನಾಗಿಯೇ ಆಗುತ್ತದೆ ಎನ್ನುವವರು ಒಂದು ಕಡೆ. ಬಾಯಿ ಕಟ್ಟಲಾರದವರು ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಕೆಲಸ ಅದು ಎನ್ನುವವರು ಇನ್ನೊಂದು ಕಡೆ. ಮೊದಲನೆಯ ಮಾತನ್ನು ನಂಬಿ ಅಗತ್ಯವಿಲ್ಲದವರು ಅವಸರಪಡುತ್ತಾರೆ. ಎರಡನೆಯ ಮಾತಿಗೆ ಅಂಜಿ, ನಿಜವಾಗಿ ಪ್ರಯೋಜನ ಪಡೆಯಬಲ್ಲವರು ಸಕ್ಕರೆ ಕಾಯಿಲೆ, ಗೊರಕೆ, ಮೊಣಕಾಲು ನೋವುಗಳನ್ನು ವರ್ಷಗಟ್ಟಲೆ ಸಹಿಸಿಕೊಂಡು, ವೈದ್ಯರ ಮುಂದೆ ಆ ವಿಷಯವನ್ನೇ ಎತ್ತುವುದಿಲ್ಲ. ಈ ಇಬ್ಬರಿಗೂ ಆಗುವ ನಷ್ಟ ದೊಡ್ಡದು.

ಯಾರು ಸೂಕ್ತರು ಎಂಬುದನ್ನು ತೂಕದ ಯಂತ್ರವೊಂದೇ ತೀರ್ಮಾನಿಸಲಾರದು. ಆ ತೂಕ ಇದುವರೆಗೆ ದೇಹಕ್ಕೆ ಏನು ಮಾಡಿದೆ, ಮತ್ತು ಶಸ್ತ್ರಚಿಕಿತ್ಸೆಯ ನಂತರ ಬದುಕಿನುದ್ದಕ್ಕೂ ಪಾಲಿಸಬೇಕಾದ ಕ್ರಮವನ್ನು ನಿಮ್ಮ ಮನೆ, ಕೆಲಸ ಮತ್ತು ಊಟದ ರೂಢಿ ತಾಳಿಕೊಳ್ಳುತ್ತದೆಯೇ ಎಂಬುದು ಅಷ್ಟೇ ಮುಖ್ಯ. ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ನೋಡಿಕೊಂಡು, ಒಂದು ನೋಟ್‌ಬುಕ್ಕಿನಲ್ಲಿ ಉತ್ತರ ಬರೆದಿಟ್ಟುಕೊಂಡು ವೈದ್ಯರಲ್ಲಿಗೆ ಹೋದರೆ ಮೊದಲ ಭೇಟಿಯಲ್ಲೇ ಅರ್ಥಪೂರ್ಣವಾದ ಮಾತುಕತೆ ಸಾಧ್ಯ.

ಅದಕ್ಕೂ ಮೊದಲು, ಇದು ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆಯಲ್ಲ ಎಂಬುದು ಸ್ಪಷ್ಟವಾಗಿರಲಿ. ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಉದ್ದನೆಯ ಕೊಳವೆಯ ಆಕಾರಕ್ಕೆ ತರುತ್ತಾರೆ. ತೆಗೆದ ಭಾಗವನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಬೈಪಾಸ್ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಎರಡರಲ್ಲೂ ಉಣ್ಣುವ ಪ್ರಮಾಣ ಕುಗ್ಗುವುದಷ್ಟೇ ಅಲ್ಲ, ಹಸಿವು ಮತ್ತು ರಕ್ತದ ಸಕ್ಕರೆಯನ್ನು ನಿಯಂತ್ರಿಸುವ ಹಾರ್ಮೋನುಗಳೂ ಬದಲಾಗುತ್ತವೆ. ಸಕ್ಕರೆ ಕಾಯಿಲೆ ಇರುವವರಲ್ಲಿ ತೂಕ ಇಳಿಯುವ ಮೊದಲೇ ಸಕ್ಕರೆಯ ಮಟ್ಟ ಇಳಿಯತೊಡಗುವುದಕ್ಕೆ ಇದೂ ಒಂದು ಕಾರಣ.

ಮೊದಲನೆಯ ಹಂತ: ಸರಿಯಾಗಿ ಅಳೆದುಕೊಳ್ಳಿ

ತೂಕವನ್ನು ಬೆಳಿಗ್ಗೆ ಶೌಚ ಮುಗಿಸಿ, ತೆಳುವಾದ ಬಟ್ಟೆಯಲ್ಲಿ ನೋಡಿಕೊಳ್ಳಿ. ಎತ್ತರವನ್ನು ನೆನಪಿನಿಂದ ಹೇಳದೆ, ಬರಿಗಾಲಲ್ಲಿ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಂತು ಬೇರೊಬ್ಬರಿಂದ ಅಳತೆ ಮಾಡಿಸಿಕೊಳ್ಳಿ. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಸಿಗುವುದೇ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದರೆ ತೂಕ ಎಷ್ಟಿದೆ ಎಂದು ಹೇಳುವ ಅಂಕ. ಉದಾಹರಣೆಗೆ, ಸುರತ್ಕಲ್ಲಿನ ಗೃಹಿಣಿಯೊಬ್ಬರ ಎತ್ತರ 158 ಸೆಂಟಿಮೀಟರ್, ತೂಕ 86 ಕಿಲೋ ಎಂದುಕೊಳ್ಳೋಣ. 86ನ್ನು 1.58ರಿಂದ ಭಾಗಿಸಿದರೆ 54.4, ಅದನ್ನು ಮತ್ತೊಮ್ಮೆ 1.58ರಿಂದ ಭಾಗಿಸಿದರೆ 34.4. ಅವರು ತಮ್ಮ ಎತ್ತರವನ್ನು 160 ಎಂದು ಹೇಳಿಬಿಟ್ಟಿದ್ದರೆ ಬಿಎಂಐ 33.6ಕ್ಕೆ ಇಳಿಯುತ್ತಿತ್ತು. ಎರಡು ಸೆಂಟಿಮೀಟರಿನ ತಪ್ಪಿನಿಂದ ಒಬ್ಬರು ಮಿತಿಯ ಒಳಗೋ ಹೊರಗೋ ಆಗಬಹುದಾದ್ದರಿಂದ ಈ ಎಚ್ಚರಿಕೆ ಬೇಕು.

ಸೊಂಟದ ಸುತ್ತಳತೆಯನ್ನೂ ಬರೆದುಕೊಳ್ಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಟೇಪು ಸುತ್ತಿ, ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಅಳೆಯಬೇಕು. ಭಾರತೀಯರಲ್ಲಿ ಪುರುಷರಿಗೆ 90 ಸೆಂಟಿಮೀಟರ್, ಮಹಿಳೆಯರಿಗೆ 80 ಸೆಂಟಿಮೀಟರ್ ಮೀರಿದರೆ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದೆ ಎಂದು ತಿಳಿಯಬೇಕು. ಕಾಲು ಊದಿಕೊಂಡಿರುವವರಲ್ಲಿ ಮತ್ತು ಗರ್ಭಿಣಿಯರಲ್ಲಿ ಬಿಎಂಐ ದಾರಿ ತಪ್ಪಿಸುತ್ತದೆ.

ಎರಡನೆಯ ಹಂತ: ನಿಮ್ಮ ಅಂಕ ಯಾವ ಸಾಲಿನಲ್ಲಿ ಬರುತ್ತದೆ ನೋಡಿ

ಈ ವಿಷಯದಲ್ಲಿ ಬೇರೆ ಬೇರೆ ಕಡೆ ಬೇರೆ ಬೇರೆ ಅಂಕಗಳು ಕಾಣಸಿಗುವುದರಿಂದ ಗೊಂದಲವಾಗುವುದು ಸಹಜ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಮಾವೇಶವು ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಗಂಭೀರ ಕಾಯಿಲೆಗಳ ಜೊತೆಗೆ 35 ಎಂದು ಮಿತಿ ಹಾಕಿತ್ತು. ಮೂರು ದಶಕ ಕಾಲ ಜಗತ್ತೆಲ್ಲ ಬಹುಮಟ್ಟಿಗೆ ಅದನ್ನೇ ಅನುಸರಿಸಿತು. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೊಜ್ಜು ಶಸ್ತ್ರಚಿಕಿತ್ಸಕರ ಸಂಘಟನೆಗಳು ಜಂಟಿಯಾಗಿ ಅದನ್ನು ಪರಿಷ್ಕರಿಸಿದವು. ಅದರಂತೆ 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ ಇಲ್ಲದಿರಲಿ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದು, 30ರಿಂದ 34.9ರ ನಡುವಿನವರಿಗೆ ಸಕ್ಕರೆ ಕಾಯಿಲೆಯಂಥ ಚಯಾಪಚಯದ ತೊಂದರೆ ಇದ್ದರೆ ಪರಿಗಣಿಸಬಹುದು. ಏಷ್ಯಾ ಮೂಲದವರಲ್ಲಿ 27.5ರಿಂದಲೇ ಈ ಮಾತು ಎತ್ತಬಹುದು. ಭಾರತದಲ್ಲಿ ಅನೇಕ ಶಸ್ತ್ರಚಿಕಿತ್ಸಕರು ಬಹುಕಾಲ ಬಳಸಿದ ಅಂಕಗಳು, ಕಾಯಿಲೆ ಇಲ್ಲದಿದ್ದರೆ 37.5, ಇದ್ದರೆ 32.5.

ನಮಗೇಕೆ ಕಡಿಮೆ ಮಿತಿ ಎಂದರೆ, ಒಂದೇ ಬಿಎಂಐ ಇರುವ ಯುರೋಪಿಯನ್ನರಿಗಿಂತ ಭಾರತೀಯರಲ್ಲಿ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ, ಸಕ್ಕರೆ ಕಾಯಿಲೆ ಬೇಗ. ಆದ್ದರಿಂದಲೇ ಇಲ್ಲಿ 23ಕ್ಕೆ ಅಧಿಕ ತೂಕ, 25ಕ್ಕೆ ಬೊಜ್ಜು ಎನ್ನುತ್ತಾರೆ. ಆದರೆ 27.5 ಎಂಬ ಅಂಕ ಕಂಡ ಕೂಡಲೇ ಯಾರೂ ಆಪರೇಷನ್ ಥಿಯೇಟರಿನ ಕಡೆ ಹೆಜ್ಜೆ ಹಾಕಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಮಟ್ಟದಲ್ಲಿ ಶಸ್ತ್ರಚಿಕಿತ್ಸೆಗೆ ಅರ್ಥ ಬರುವುದು, ಸರಿಯಾದ ಔಷಧಿ ಮತ್ತು ಪಥ್ಯದ ನಂತರವೂ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇರುವವರಿಗೆ. ಮುಂದಿನ ತಿಂಗಳ ಮದುವೆಗೆ ಸಪೂರ ಕಾಣಬೇಕು ಎನ್ನುವವರಿಗೆ ಅಲ್ಲ.

ಮೂರನೆಯ ಹಂತ: ತೂಕದಿಂದ ಬಂದ ಕಾಯಿಲೆಗಳ ಪಟ್ಟಿ ಮಾಡಿ

ಸಕ್ಕರೆ ಕಾಯಿಲೆ ಇದ್ದರೆ ಅದು ಯಾವ ವರ್ಷ ಪತ್ತೆಯಾಯಿತು, ಈಗ ಎಷ್ಟು ಮಾತ್ರೆ, ಇನ್ಸುಲಿನ್ ಇದೆಯೇ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಎಷ್ಟು ಎಂದು ಬರೆಯಿರಿ. ಈ ವಿವರಗಳಿಗೆ ವೈದ್ಯರು ಹೆಚ್ಚು ಬೆಲೆ ಕೊಡುತ್ತಾರೆ. ಕಾಯಿಲೆ ಬಂದು ಕೆಲವೇ ವರ್ಷಗಳಾಗಿದ್ದು, ಇನ್ಸುಲಿನ್ ಇನ್ನೂ ಆರಂಭವಾಗದವರಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಮಾತ್ರೆಯಿಲ್ಲದೆ ಸಕ್ಕರೆ ಸಹಜ ಮಟ್ಟದಲ್ಲಿರುವ ಸಾಧ್ಯತೆ ಹೆಚ್ಚು. ಹದಿನೈದು ಇಪ್ಪತ್ತು ವರ್ಷಗಳಿಂದ ಕಾಯಿಲೆ ಇದ್ದು, ಮೇದೋಜೀರಕ ಗ್ರಂಥಿಯ ಶಕ್ತಿ ಕುಂದಿದ ಮೇಲೆ ಮಾಡಿಸಿಕೊಂಡರೆ ಹತೋಟಿ ಸುಧಾರಿಸುತ್ತದೆ, ಔಷಧಿ ಕಡಿಮೆಯಾಗುತ್ತದೆ, ಆದರೆ ಕಾಯಿಲೆ ಸಂಪೂರ್ಣ ಹಿಂದೆ ಸರಿಯುವ ನಿರೀಕ್ಷೆ ಇಟ್ಟುಕೊಳ್ಳಬಾರದು. ಎಲ್ಲ ಔಷಧಿ ಸೋತ ಮೇಲೆ ನೋಡೋಣ ಎಂದು ವರ್ಷಗಳನ್ನು ಕಳೆಯುವುದು, ಸೂಕ್ತ ಅಭ್ಯರ್ಥಿಯೊಬ್ಬರಿಗೆ ಸಿಗಬಹುದಾಗಿದ್ದ ದೊಡ್ಡ ಲಾಭವನ್ನು ಕೈಬಿಟ್ಟಂತೆ. ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಟೈಪ್ 1 ಸಕ್ಕರೆ ಕಾಯಿಲೆಯ ಲೆಕ್ಕ ಇದಲ್ಲ. ಅನುಮಾನವಿದ್ದರೆ ಸಿ-ಪೆಪ್ಟೈಡ್ ಎಂಬ ರಕ್ತಪರೀಕ್ಷೆಯಿಂದ ದೇಹದಲ್ಲಿ ಸ್ವಂತ ಇನ್ಸುಲಿನ್ ಎಷ್ಟು ಉಳಿದಿದೆ ಎಂದು ತಿಳಿಯಬಹುದು.

ಗೊರಕೆಯ ವಿಷಯದಲ್ಲಿ ನೀವೇ ಉತ್ತರಿಸಬೇಡಿ. ರಾತ್ರಿ ಪಕ್ಕದಲ್ಲಿ ಮಲಗುವವರನ್ನು ಕೇಳಿ. ಗೊರಕೆ ಏರುತ್ತ ಹೋಗಿ ಒಮ್ಮೆಲೇ ನಿಂತು, ಹತ್ತು ಹದಿನೈದು ಸೆಕೆಂಡು ಎದೆ ಏರಿಳಿದರೂ ಉಸಿರಿನ ಸದ್ದಿಲ್ಲದೆ, ಬಳಿಕ ಉಸಿರುಗಟ್ಟಿದವರಂತೆ ಗಾಳಿ ಎಳೆದುಕೊಂಡು ಮಗ್ಗುಲು ಬದಲಿಸುತ್ತಾರೆಯೇ? ಬೆಳಿಗ್ಗೆ ಎದ್ದಾಗ ತಲೆ ಭಾರವಾಗಿರುತ್ತದೆಯೇ? ಹಗಲು ಕುಳಿತಲ್ಲೇ ತೂಕಡಿಕೆ ಬರುತ್ತದೆಯೇ? ಹೌದಾದರೆ ನಿದ್ರೆಯಲ್ಲಿ ಉಸಿರು ನಿಲ್ಲುವ ಕಾಯಿಲೆ, ಅಂದರೆ ಸ್ಲೀಪ್ ಆಪ್ನಿಯಾ ಇರಬಹುದು. ಹೆದ್ದಾರಿ 66ರಲ್ಲಿ ಬಸ್ಸು, ಲಾರಿ, ಟ್ಯಾಂಕರ್ ಓಡಿಸುವವರಿಗೆ ಇದು ಪ್ರಾಣಾಪಾಯದ ವಿಷಯ. ಸ್ಲೀಪ್ ಸ್ಟಡಿ ಎಂಬ ಪರೀಕ್ಷೆಯಲ್ಲಿ ಗಂಟೆಗೆ 30 ಅಥವಾ ಹೆಚ್ಚು ಬಾರಿ ಉಸಿರಾಟಕ್ಕೆ ಅಡ್ಡಿಯಾದರೆ ತೀವ್ರ ಎನ್ನುತ್ತಾರೆ. ಈ ಪರೀಕ್ಷೆಯ ವರದಿಯು ನೀವು ಶಸ್ತ್ರಚಿಕಿತ್ಸೆಗೆ ಸೂಕ್ತರೆಂದು ತೋರಿಸುವುದಕ್ಕೂ, ಅರಿವಳಿಕೆ ವೈದ್ಯರು ಮುಂಜಾಗ್ರತೆ ವಹಿಸುವುದಕ್ಕೂ, ಮುಂದೆ ಹೇಳುವಂತೆ ವಿಮೆಗೂ ಬೇಕಾಗುತ್ತದೆ.

ಬಿ.ಪಿ., ಕೊಲೆಸ್ಟರಾಲ್, ಹೃದಯದ ತೊಂದರೆ, ಯಕೃತ್ತಿನಲ್ಲಿ ಕೊಬ್ಬು, ಪಿಸಿಓಎಸ್ (ಹಾರ್ಮೋನಿನ ಏರುಪೇರಿನಿಂದ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಮತ್ತು ಮಕ್ಕಳಾಗದಿರುವುದು, ಮೊಣಕಾಲಿನ ಸವೆತ, ಎದೆಯುರಿ, ನಗುವಾಗ ಮೂತ್ರ ಸೋರುವುದು ಇವೂ ಪಟ್ಟಿಯಲ್ಲಿರಲಿ. ಕೊನೆಯದನ್ನು ಹೆಂಗಸರು ಸಂಕೋಚದಿಂದ ಬಿಟ್ಟುಬಿಡುತ್ತಾರೆ, ಆದರೆ ತೂಕ ಇಳಿದಾಗ ಅದು ಗಮನಾರ್ಹವಾಗಿ ಸುಧಾರಿಸುವುದರಿಂದ ಹೇಳಲೇಬೇಕು.

ನಾಲ್ಕನೆಯ ಹಂತ: ಬೇರೆ ಕಾರಣ, ಬೇರೆ ದಾರಿ ಇದೆಯೇ ನೋಡಿ

ತೂಕ ಹೆಚ್ಚುವುದಕ್ಕೆ ಕೆಲವು ಔಷಧಿಗಳೂ ಕಾರಣವಾಗುತ್ತವೆ. ಸ್ಟೀರಾಯ್ಡ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು, ಅಪಸ್ಮಾರಕ್ಕೆ ಕೊಡುವ ವಾಲ್‌ಪ್ರೊಯೇಟ್, ಇನ್ಸುಲಿನ್ ಇವುಗಳಲ್ಲಿ ಮುಖ್ಯವಾದವು. ಗಂಟುನೋವಿಗೆಂದು ಕೈಯಿಂದ ಕೈಗೆ ಬರುವ ಲೇಬಲ್ ಇಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಅಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ಹಠಾತ್ತಾಗಿ ನಿಲ್ಲಿಸದೆ, ಪೊಟ್ಟಣವನ್ನೇ ವೈದ್ಯರಿಗೆ ಒಯ್ದು ತೋರಿಸಿ. ಥೈರಾಯ್ಡ್ ಪರೀಕ್ಷೆ ಕಡ್ಡಾಯ, ಆದರೆ ನೂರು ಕಿಲೋ ದಾಟಿದ ತೂಕಕ್ಕೆ ಥೈರಾಯ್ಡ್ ಒಂದೇ ಕಾರಣವಾಗಿರುವುದು ಅಪರೂಪ. ಮುಖ ದುಂಡಗಾಗಿ, ಹೊಟ್ಟೆಯ ಮೇಲೆ ನೇರಳೆ ಬಣ್ಣದ ಅಗಲವಾದ ಗೆರೆಗಳು ಮೂಡಿ, ತೊಡೆಯ ಬಲ ಕುಂದಿದ್ದರೆ ಕಾರ್ಟಿಸಾಲ್ ಹಾರ್ಮೋನಿನ ಪರೀಕ್ಷೆಯೂ ಬೇಕು. ಅದು ಹೆಚ್ಚಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ.

ಇದುವರೆಗೆ ಮಾಡಿದ ಪ್ರಯತ್ನಗಳನ್ನು ಪ್ರಾಮಾಣಿಕವಾಗಿ ಬರೆಯಿರಿ. ವೈದ್ಯರ ಅಥವಾ ಆಹಾರತಜ್ಞರ ಮೇಲ್ವಿಚಾರಣೆಯಲ್ಲಿ ಕೆಲವು ತಿಂಗಳಾದರೂ ಪಥ್ಯ, ನಡಿಗೆ ನಡೆದಿದೆಯೇ, ಎಷ್ಟು ಇಳಿಯಿತು, ಯಾವಾಗ ಮರಳಿತು? ಮರಳಿ ಬಂದದ್ದು ನಿಮ್ಮ ಸೋಲಲ್ಲ. ತೂಕ ಇಳಿದಾಗ ದೇಹವು ಹಸಿವನ್ನು ಹೆಚ್ಚಿಸಿ, ಶಕ್ತಿಯ ಖರ್ಚನ್ನು ಕುಗ್ಗಿಸಿ ಹಳೆಯ ತೂಕಕ್ಕೆ ಮರಳಲು ಯತ್ನಿಸುತ್ತದೆ. 2025ರಲ್ಲಿ ಟಿರ್ಜೆಪಟೈಡ್ ಮತ್ತು ತೂಕ ಇಳಿಕೆಗೆಂದೇ ಇರುವ ಸೆಮಾಗ್ಲುಟೈಡ್ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದಿರುವುದರಿಂದ, ಬಿಎಂಐ 30ರ ಆಸುಪಾಸಿನಲ್ಲಿರುವವರು ಶಸ್ತ್ರಚಿಕಿತ್ಸೆಗೆ ಮುನ್ನ ಅವುಗಳ ಬಗ್ಗೆ ವಿಚಾರಿಸುವುದು ನ್ಯಾಯ. ನಿಲ್ಲಿಸಿದರೆ ತೂಕದ ಬಹುಪಾಲು ಮರಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅವನ್ನು ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ವೈದ್ಯರಿಗೆ ಮರೆಯದೆ ತಿಳಿಸಿ, ಏಕೆಂದರೆ ಆ ಔಷಧಿಯಿಂದ ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ.

ಐದನೆಯ ಹಂತ: ತಡೆಯುವ ಕಾರಣಗಳನ್ನು ಮುಚ್ಚಿಡಬೇಡಿ

ಗರ್ಭಿಣಿಯರಿಗೆ, ಸದ್ಯ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ಅರಿವಳಿಕೆಯನ್ನು ತಾಳಲಾರದಷ್ಟು ಹೃದಯ ದುರ್ಬಲವಾಗಿರುವವರಿಗೆ ಈ ಶಸ್ತ್ರಚಿಕಿತ್ಸೆ ಈಗ ಸಲ್ಲದು. ಯಕೃತ್ತು ಗಾಯದ ಕಲೆಗಳಿಂದ ಗಟ್ಟಿಯಾಗುವ ಸಿರೋಸಿಸ್ ಮುಂದುವರಿದವರಿಗೂ ಸಾಮಾನ್ಯವಾಗಿ ಬೇಡ ಎನ್ನುತ್ತಾರೆ. ಹತೋಟಿಯಲ್ಲಿಲ್ಲದ ಮಾನಸಿಕ ಕಾಯಿಲೆ, ಹೊಟ್ಟೆ ಬಿರಿಯುವಷ್ಟು ತಿಂದು ಬಳಿಕ ವಾಂತಿ ಮಾಡಿಕೊಳ್ಳುವ ಅಭ್ಯಾಸ ಇದ್ದರೆ ಮೊದಲು ಅದರ ಚಿಕಿತ್ಸೆ ಆಗಬೇಕು. ಖಿನ್ನತೆಗೆ ಮಾತ್ರೆ ತೆಗೆದುಕೊಂಡು ನೆಮ್ಮದಿಯಿಂದಿರುವವರಿಗೆ ಮಾತ್ರ ಅದೊಂದೇ ಅಡ್ಡಿಯಲ್ಲ.

ಮದ್ಯಪಾನದ ವಿಷಯ ಮನೆಯವರ ಮುಂದೆ ಹೇಳಲಾಗದಿದ್ದರೆ ವೈದ್ಯರ ಜೊತೆ ಒಬ್ಬರೇ ಕೂತು ಹೇಳಿ. ಶಸ್ತ್ರಚಿಕಿತ್ಸೆಯ ನಂತರ, ವಿಶೇಷವಾಗಿ ಬೈಪಾಸ್ ಆದವರಲ್ಲಿ, ಸ್ವಲ್ಪವೇ ಕುಡಿದರೂ ಅಮಲು ಬೇಗ ಏರುತ್ತದೆ. ವ್ಯಸನಕ್ಕೆ ಬೀಳುವ ಅಪಾಯ ಮೊದಲಿಗಿಂತ ಹೆಚ್ಚುತ್ತದೆ. ಬೀಡಿ, ಸಿಗರೇಟು ಸೇದುವವರು ಕನಿಷ್ಠ ಆರು ವಾರ ಮೊದಲು ಬಿಟ್ಟು, ಮತ್ತೆ ಮುಟ್ಟಬಾರದು. ಬೈಪಾಸ್ ಜೋಡಣೆಯ ಜಾಗದಲ್ಲಿ ಹುಣ್ಣಾಗಲು ಹೊಗೆಸೊಪ್ಪು ದೊಡ್ಡ ಕಾರಣ, ನೋವಿನ ಮಾತ್ರೆಗಳು ಇನ್ನೊಂದು ಕಾರಣ. ಸಂಧಿವಾತಕ್ಕೆ ದಿನವೂ ನೋವಿನ ಮಾತ್ರೆ ನುಂಗಲೇಬೇಕಾದವರಿಗೆ ಬೈಪಾಸ್ ಅನುಕೂಲವಲ್ಲ.

ವಯಸ್ಸು 18ರಿಂದ 65 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹೊಸ ಮಾರ್ಗಸೂಚಿಗಳು ಮೇಲಿನ ಮಿತಿಯನ್ನು ಗಟ್ಟಿಯಾಗಿ ಹಾಕಿಲ್ಲ. ಎಪ್ಪತ್ತರಲ್ಲೂ ಗಟ್ಟಿಮುಟ್ಟಾಗಿರುವವರು ಇದ್ದಾರೆ, ಐವತ್ತೈದಕ್ಕೇ ಕುಗ್ಗಿದವರೂ ಇದ್ದಾರೆ. ತೀವ್ರ ಬೊಜ್ಜಿನ ಹದಿಹರೆಯದವರ ಬಗ್ಗೆ ಮಕ್ಕಳ ತಜ್ಞರೂ ಇರುವ ತಂಡವೇ ನಿರ್ಧರಿಸಬೇಕು.

ಆರನೆಯ ಹಂತ: ನಂತರದ ಬದುಕನ್ನು ನಮ್ಮ ಊರಿನ ಊಟದೊಡನೆ ಹೊಂದಿಸಿ ನೋಡಿ

ನನ್ನ ಪ್ರಕಾರ ಬಹಳ ಜನ ಲಘುವಾಗಿ ದಾಟಿಬಿಡುವ ಹಂತ ಇದು, ಯಾರು ಸೂಕ್ತರು ಎಂಬುದು ನಿಜವಾಗಿ ತೀರ್ಮಾನವಾಗುವುದೂ ಇಲ್ಲಿಯೇ. ಮೊದಲ ಎರಡು ವಾರ ದ್ರವಾಹಾರ ಮಾತ್ರ. ಗ್ಲಾಸು ಎತ್ತಿ ಗಟಗಟನೆ ಕುಡಿಯುವಂತಿಲ್ಲ. 30 ಮಿಲಿಲೀಟರಿನ ಪುಟ್ಟ ಲೋಟದಲ್ಲಿ ನೀರೋ ತಿಳಿಯಾದ ಸಾರೋ ಹಾಕಿಕೊಂಡು, ಗುಟುಕು ಗುಟುಕಾಗಿ ದಿನವಿಡೀ ಕುಡಿಯುತ್ತಿರಬೇಕು. ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು, ಒಂದೂವರೆ ಎರಡು ತಿಂಗಳ ಹೊತ್ತಿಗೆ ಸಾಮಾನ್ಯ ಊಟ. ಆದರೆ ಮೊದಲಿನ ಪ್ರಮಾಣ ಮತ್ತೆ ಬರುವುದಿಲ್ಲ. ಉಣ್ಣುವಾಗ ನೀರು ಕುಡಿಯಬಾರದು, ಉಂಡ ಅರ್ಧ ಗಂಟೆಯ ನಂತರವೇ ಕುಡಿಯಬೇಕು. ಕುಚ್ಚಲಕ್ಕಿ ಗಂಜಿಯನ್ನು ತಿಳಿಯ ಸಮೇತ ಉಪ್ಪಿನಕಾಯಿ ನೆಂಚಿಕೊಂಡು ಉಣ್ಣುವ ನಮ್ಮ ರೂಢಿ ಇಲ್ಲಿ ಸರಿಹೊಂದದು. ಹೊಟ್ಟೆಯಲ್ಲಿರುವ ಅಷ್ಟಿಷ್ಟು ಜಾಗವನ್ನು ನೀರು ಮತ್ತು ಪಿಷ್ಟವೇ ತುಂಬಿಬಿಟ್ಟರೆ ಪ್ರೋಟೀನಿಗೆ ಎಡೆಯೇ ಇರುವುದಿಲ್ಲ.

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಬಂಗುಡೆಯಲ್ಲಿ 20 ಗ್ರಾಂ ಹತ್ತಿರ, ಒಂದು ಲೋಟ ಹಾಲಿನಲ್ಲಿ 6ರಿಂದ 7 ಗ್ರಾಂ ಸಿಗುತ್ತದೆ. ಮೀನು ತಿನ್ನುವ ಮನೆಗಳಿಗೆ ಇದು ಸುಲಭ ಎನಿಸಬಹುದು, ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ತಾಜಾ ಮೀನು ದುಬಾರಿಯಾಗುತ್ತದೆ, ಬಿ.ಪಿ. ಇರುವವರಿಗೆ ಉಪ್ಪು ಹಾಕಿದ ಒಣಮೀನು ಪರ್ಯಾಯವಲ್ಲ. ಆ ಎರಡು ತಿಂಗಳು ಮೊಟ್ಟೆ, ಕೋಳಿ, ಹೆಸರುಕಾಳು, ಪನೀರ್ ಕೊಳ್ಳುವ ಅನುಕೂಲ ಇದೆಯೇ ಎಂದು ಮೊದಲೇ ಯೋಚಿಸಬೇಕು.

ವ್ರತಗಳನ್ನು ಕಟ್ಟುನಿಟ್ಟಾಗಿ ಆಚರಿಸುವ ಸಸ್ಯಾಹಾರಿ ಮನೆತನದವರು ಇನ್ನೂ ಹೆಚ್ಚು ಯೋಚಿಸಬೇಕಾಗುತ್ತದೆ. ಚಾತುರ್ಮಾಸ್ಯದಲ್ಲಿ ದಧಿವ್ರತ ಬಂದಾಗ ಮೊಸರಿಲ್ಲ, ಕ್ಷೀರವ್ರತದಲ್ಲಿ ಹಾಲಿಲ್ಲ, ದ್ವಿದಳವ್ರತದಲ್ಲಿ ಬೇಳೆಕಾಳಿಲ್ಲ. ಅಂದರೆ ಸಸ್ಯಾಹಾರಿಯ ಪ್ರೋಟೀನ್ ಮೂಲಗಳು ತಿಂಗಳಿಗೊಂದರಂತೆ ಕೈತಪ್ಪುತ್ತವೆ. ನೀರನ್ನೂ ಮುಟ್ಟದೆ ಏಕಾದಶಿ ಮಾಡುವವರಿಗೆ ಅಪಾಯ ಇನ್ನೂ ನೇರವಾದದ್ದು, ಏಕೆಂದರೆ ದ್ವಾದಶಿಯ ಪಾರಣೆಯಲ್ಲಿ ಒಮ್ಮೆಲೇ ನೀರು ಕುಡಿದು ಸರಿದೂಗಿಸಲು ಸಣ್ಣದಾದ ಹೊಟ್ಟೆಗೆ ಸಾಧ್ಯವಿಲ್ಲ. ರಮ್ಜಾನಿನ ಉಪವಾಸಕ್ಕೂ ಇದೇ ಮಾತು. ವ್ರತ ಬಿಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಮೊದಲ ವರ್ಷವಾದರೂ ವಿನಾಯಿತಿ ಪಡೆಯಲು ಸಾಧ್ಯವೇ ಎಂದು ಮನೆಯ ಹಿರಿಯರನ್ನು, ಗುರುಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿ ತಿಳಿದುಕೊಳ್ಳಿ. ಸಾಧ್ಯವಿಲ್ಲ ಎಂದಾದರೆ ಆಹಾರತಜ್ಞರಿಗೆ ಅದನ್ನು ಸ್ಪಷ್ಟವಾಗಿ ಹೇಳಿ, ಅವರ ಅಭಿಪ್ರಾಯ ಬಂದ ಮೇಲೆ ಮುಂದುವರಿಯಿರಿ.

ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪೂರ್ತಿ ಬೇಕು. ಮೊದಲ ವರ್ಷ ಮೂರು, ಆರು, ಹನ್ನೆರಡನೆಯ ತಿಂಗಳಲ್ಲಿ, ಅನಂತರ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಆಗಬೇಕು. ದುಬೈ, ಕುವೈತ್‌ಗಳಿಂದ ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದು, ಮಾಡಿಸಿಕೊಂಡು ಮರಳುವ ಯೋಚನೆ ಹಲವರಿಗಿದೆ. ಅಂಥವರು ಶಸ್ತ್ರಚಿಕಿತ್ಸೆಯ ವರದಿಯ ಪ್ರತಿಯನ್ನು ಇಟ್ಟುಕೊಂಡು, ಅಲ್ಲಿ ತಮ್ಮನ್ನು ನೋಡಬಲ್ಲ ವೈದ್ಯರನ್ನು ಗೊತ್ತುಮಾಡಿಕೊಳ್ಳದ ಹೊರತು ಸೂಕ್ತ ಅಭ್ಯರ್ಥಿಗಳೆಂದು ನಾನು ಒಪ್ಪುವುದಿಲ್ಲ. ವಾಂತಿ ಕೆಲವು ದಿನ ಬಿಡದೆ ನಡೆದರೆ ಥಯಾಮಿನ್ (ವಿಟಮಿನ್ ಬಿ1) ಕೊರತೆಯಿಂದ ನರಗಳಿಗೆ, ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಕ್ಯಾಂಪಿನ ಕೋಣೆಯಲ್ಲಿ ಒಬ್ಬರೇ ಮಲಗಿ ಸಹಿಸಿಕೊಳ್ಳುವ ತೊಂದರೆ ಅದಲ್ಲ.

ಫಲಿತಾಂಶದ ನಿರೀಕ್ಷೆಯೂ ನಿಜಕ್ಕೆ ಹತ್ತಿರವಿರಲಿ. ಮೊದಲ ಒಂದೆರಡು ವರ್ಷಗಳಲ್ಲಿ ಒಟ್ಟು ತೂಕದ ಕಾಲು ಭಾಗದ ಆಸುಪಾಸು ಇಳಿಯುವುದು ಸಾಮಾನ್ಯ, ಬಳಿಕ ಸ್ವಲ್ಪ ಮರಳುತ್ತದೆ. 1987ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ದೀರ್ಘ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಆದವರ ತೂಕ ಇಪ್ಪತ್ತು ವರ್ಷಗಳ ನಂತರ ಸರಾಸರಿ 18 ಶೇಕಡಾ ಕಡಿಮೆಯಿತ್ತು. ಸಾವಿನ ಪ್ರಮಾಣವೂ ಹೋಲಿಕೆಯ ಗುಂಪಿಗಿಂತ ಕಡಿಮೆಯಿತ್ತು. ಚರ್ಮ ಜೋಲುವುದು, ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದು ಅನೇಕರಿಗೆ ಆಗುತ್ತದೆ.

ಏಳನೆಯ ಹಂತ: ನಿರ್ಧಾರ ಯಾರದೆಂದು ಕೇಳಿಕೊಳ್ಳಿ

ಸಂಬಂಧ ಕೂಡಿಬರುತ್ತಿಲ್ಲ ಎಂದು ಅಪ್ಪ, ಅಮ್ಮ, ಚಿಕ್ಕಮ್ಮಂದಿರು ಸೇರಿ ಹುಡುಗಿಯನ್ನು ಶಸ್ತ್ರಚಿಕಿತ್ಸೆಗೆ ಒಪ್ಪಿಸುವುದು ಉಂಟು. ಅವಳ ಬಿಎಂಐ ಮಿತಿಯೊಳಗಿದ್ದರೂ ಇಚ್ಛೆ ಅವಳದಾಗಿಲ್ಲದಿದ್ದರೆ ಅವಳು ಸೂಕ್ತ ಅಭ್ಯರ್ಥಿಯಲ್ಲ. ಮಾತ್ರೆ ನುಂಗುವುದು, ಅಳತೆ ನೋಡಿ ಉಣ್ಣುವುದು, ಸಮಾರಂಭದ ಎಲೆಯ ಮುಂದೆ ಬೇಡ ಎನ್ನುವುದು ಎಲ್ಲವೂ ಅವಳ ಪಾಲಿಗೇ ಬರುತ್ತದೆ. ಮದುವೆಯಾದ ಕೂಡಲೇ ಮಗು ಎಂಬ ಒತ್ತಾಯವೂ ಇಲ್ಲಿ ತೊಡಕು. ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು, ಆದರೆ ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಗುಳಿಗೆಯನ್ನು ಪೂರ್ತಿ ನಂಬುವಂತಿಲ್ಲ. ಈ ಮಾತು ಮದುವೆಯ ಮಾತುಕತೆಗಿಂತ ಮೊದಲೇ ಮುಗಿದಿರಬೇಕು.

ಎಂಟನೆಯ ಹಂತ: ವಿಮೆಯ ಅಳತೆ ಬೇರೆ ಎಂದು ತಿಳಿದಿರಿ

ವೈದ್ಯರು ಸೂಕ್ತ ಎಂದ ಮಾತ್ರಕ್ಕೆ ವಿಮಾ ಕಂಪನಿ ಒಪ್ಪಬೇಕೆಂದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ನಿಯಮದಂತೆ, ರೋಗಿಗೆ 18 ವರ್ಷ ತುಂಬಿರಬೇಕು; ಬಿಎಂಐ 40 ಅಥವಾ ಹೆಚ್ಚಿರಬೇಕು, ಇಲ್ಲವೇ 35 ಅಥವಾ ಹೆಚ್ಚಿದ್ದು, ಬೇರೆ ಕ್ರಮಗಳು ಫಲಿಸದೆ, ಬೊಜ್ಜಿನಿಂದಾದ ಹೃದಯಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ ಅಥವಾ ಹತೋಟಿಗೆ ಬಾರದ ಟೈಪ್ 2 ಸಕ್ಕರೆ ಕಾಯಿಲೆ ಇರಬೇಕು. ಮೇಲೆ ಹೇಳಿದ ಸುರತ್ಕಲ್ಲಿನ ಗೃಹಿಣಿಗೆ 34.4 ಬಿಎಂಐ ಜೊತೆಗೆ ಹತೋಟಿಯಿಲ್ಲದ ಸಕ್ಕರೆ ಇದ್ದರೆ ವೈದ್ಯಕೀಯವಾಗಿ ಅವರು ಸೂಕ್ತರಾಗಬಹುದು, ವಿಮೆಗೆ ಮಾತ್ರ ಹೊರಗುಳಿಯುತ್ತಾರೆ. 172 ಸೆಂಟಿಮೀಟರ್ ಎತ್ತರ, 118 ಕಿಲೋ ತೂಕದ ಬಸ್ಸು ಚಾಲಕರೊಬ್ಬರ ಬಿಎಂಐ 39.9. ಅವರು 40ನ್ನು ಮುಟ್ಟುವುದಿಲ್ಲ, ಆದರೆ ತೀವ್ರ ಸ್ಲೀಪ್ ಆಪ್ನಿಯಾದ ವರದಿ ಕೈಯಲ್ಲಿದ್ದರೆ ನಿಯಮದೊಳಗೆ ಬರುತ್ತಾರೆ. ನಿಮ್ಮ ಪಾಲಿಸಿಯ ಕಾಯುವ ಅವಧಿ ಮುಗಿದಿದೆಯೇ ನೋಡಿ, ಕಂಪನಿಯ ಪೂರ್ವಾನುಮತಿಯನ್ನು ಲಿಖಿತವಾಗಿ ಪಡೆಯಿರಿ. ಮಾತ್ರೆ, ಪ್ರೋಟೀನ್, ರಕ್ತಪರೀಕ್ಷೆಗಳ ಮುಂದಿನ ಖರ್ಚು ನಿಮ್ಮ ಜೇಬಿನಿಂದಲೇ ಹೋಗುವಂಥದ್ದೆಂದು ಎಣಿಸಿಕೊಳ್ಳಿ.

ಒಂಬತ್ತನೆಯ ಹಂತ: ವೈದ್ಯರೊಡನೆ ಮಾತುಕತೆ

ಶಸ್ತ್ರಚಿಕಿತ್ಸಕರೊಬ್ಬರೇ ಅಲ್ಲದೆ ಸಕ್ಕರೆ ಕಾಯಿಲೆಯ ತಜ್ಞರು, ಆಹಾರತಜ್ಞರು, ಮನೋವೈದ್ಯರು ಅಥವಾ ಆಪ್ತಸಮಾಲೋಚಕರು ನಿಮ್ಮನ್ನು ನೋಡುತ್ತಾರೆಯೇ ಎಂದು ವಿಚಾರಿಸಿ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಯಾವುದರಲ್ಲಿ ನಿಮಗೆ ಚೆನ್ನಾಗಿ ತಿಳಿಯುತ್ತದೋ ಅದರಲ್ಲೇ ಪಥ್ಯದ ವಿವರ ಕೇಳಿ. ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆದುಕೊಂಡು ಹೋಗಿ. ಬಾಯಿಯಿಂದ ಕೊಳವೆ ಇಳಿಸಿ ಜಠರವನ್ನು ಒಳಗಿನಿಂದ ನೋಡುವ ಎಂಡೋಸ್ಕೋಪಿ ಮಾಡಿಸುವಿರಾ ಎಂದು ಕೇಳಿ, ಏಕೆಂದರೆ ತೀವ್ರ ಎದೆಯುರಿ ಇರುವವರಲ್ಲಿ ಸ್ಲೀವ್‌ನಿಂದ ಅದು ಉಲ್ಬಣಿಸಬಹುದು, ಅಂಥವರಿಗೆ ಬೈಪಾಸ್ ಹೆಚ್ಚು ಹೊಂದುತ್ತದೆ. ಪಿತ್ತಕೋಶದ ಕಲ್ಲಿಗೆ ಸ್ಕ್ಯಾನ್, ಹೃದಯದ ಪರೀಕ್ಷೆ, ಬಿ12 ಮತ್ತು ವಿಟಮಿನ್ ಡಿ ಮಟ್ಟ, ಸಕ್ಕರೆ ಇರುವವರಿಗೆ ಕಣ್ಣಿನ ಪರೀಕ್ಷೆ ಇವೂ ಮೊದಲೇ ಆಗಲಿ. ಕತ್ತರಿಸಿ ಜೋಡಿಸಿದ ಜಾಗದಿಂದ ಸೋರಿಕೆ, ರಕ್ತಸ್ರಾವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಇಂಥ ತೊಂದರೆಗಳ ಬಗ್ಗೆ ನೇರವಾಗಿ ಕೇಳಿ. ಅನುಭವಿ ಕೇಂದ್ರಗಳಲ್ಲಿ ಸಾವಿನ ಅಪಾಯ ಪಿತ್ತಕೋಶದ ಶಸ್ತ್ರಚಿಕಿತ್ಸೆಯ ಮಟ್ಟದಲ್ಲೇ ಇದೆ, ಆದರೆ ಶೂನ್ಯವಲ್ಲ. ನಡುರಾತ್ರಿ ಹೊಟ್ಟೆನೋವು, ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬುದಕ್ಕೆ ಸ್ಪಷ್ಟ ಉತ್ತರ ಸಿಗಬೇಕು. ಮೊದಲ ಭೇಟಿಯಲ್ಲೇ, ಯಾವ ಪರೀಕ್ಷೆಯೂ ಆಗದೆ ದಿನಾಂಕ ಕೊಟ್ಟರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.

ಸದ್ಯಕ್ಕೆ ಬೇಡ ಎಂಬ ಉತ್ತರ ಬಂದರೆ ಕಾರಣವನ್ನು ಫೈಲಿನಲ್ಲಿ ಬರೆಸಿಕೊಳ್ಳಿ. ಸಿಗರೇಟು, ಹತೋಟಿಯಿಲ್ಲದ ಖಿನ್ನತೆ, ಚಿಕಿತ್ಸೆಯಾಗದ ಸ್ಲೀಪ್ ಆಪ್ನಿಯಾ ಇವೆಲ್ಲ ಸರಿಪಡಿಸಬಹುದಾದ ಕಾರಣಗಳಾದ್ದರಿಂದ, ಯಾವುದು ಎಷ್ಟು ಸುಧಾರಿಸಿದ ಮೇಲೆ ಮತ್ತೆ ಬರಬೇಕೆಂದು ಕೇಳಿ, ತಿಂಗಳನ್ನು ಗುರುತುಹಾಕಿಕೊಳ್ಳಿ. ಬಿಎಂಐ ಮಿತಿಗಿಂತ ಕೆಳಗಿದೆ ಎಂಬ ಕಾರಣಕ್ಕೆ ಬೇಡ ಎಂದಿದ್ದರೆ, ಮಿತಿ ಮುಟ್ಟಲೆಂದು ತೂಕ ಹೆಚ್ಚಿಸಿಕೊಳ್ಳುವ ಯೋಚನೆಯನ್ನು ಮಾಡಲೇಬೇಡಿ. ಆಹಾರತಜ್ಞರ ಭೇಟಿ ಮತ್ತು ಔಷಧಿಯ ದಾರಿಯನ್ನು ಅದೇ ವಾರ ಆರಂಭಿಸಿ, ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮತ್ತು ಸೊಂಟದ ಸುತ್ತಳತೆಯನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ, ಅವು ಏರುತ್ತಿರುವುದು ಕಂಡರೆ ಮರುಭೇಟಿಗೆ ಸಮಯ ಗೊತ್ತುಮಾಡಿಕೊಳ್ಳಿ.